ಸಾಮ್ಯಗಳ (ದೃಷ್ಟಾಂತ ಕಥೆಗಳ) ಬಗ್ಗೆ ನಿಮ್ಮ ಲೇಖನ: ಆ 12ನೇ ವಚನ ಎಲ್ಲಿ ಹೋಯಿತು?

ನಮಸ್ಕಾರ.

‘ಯೇಸು ಸಾಮ್ಯಗಳಲ್ಲೇ ಯಾಕೆ ಬೋಧಿಸಿದರು?’ ಎಂಬ ನಿಮ್ಮ ಲೇಖನವನ್ನು ನಿಧಾನವಾಗಿ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಈ ವಿಷಯ ನನಗೂ ತುಂಬ ಹತ್ತಿರದ್ದು. ಅದಕ್ಕೇ ಎರಡು ಸಾಲಿನ ಉತ್ತರದಲ್ಲಿ ಮುಗಿಸುತ್ತಿಲ್ಲ.

ನೀವು ಹೇಳುವುದು ಇಷ್ಟು. ಗಲಿಲಾಯದ ಜನ ರೈತರು, ಮೀನುಗಾರರು. ಅವರಿಗೆ ಸುಲಭವಾಗಲಿ ಎಂದು ಯೇಸು ಬಿತ್ತನೆ, ಬಲೆ, ಸಾಸಿವೆ ಕಾಳಿನ ಕಥೆಗಳನ್ನು ಹೇಳಿದರು. ಕೊನೆಯ ಪುಟಕ್ಕೆ ಬಂದಾಗ ಮಾತ್ರ ‘ನಂಬಿಕೆ ಇರುವವರಿಗಷ್ಟೇ ಇವು ಅರ್ಥವಾಗುತ್ತವೆ’ ಎನ್ನುತ್ತೀರಿ. ಎಲ್ಲರಿಗೂ ಸುಲಭವಾಗಲಿ ಎಂದು ಹೇಳಿದ ಕಥೆ ಕೆಲವರಿಗೆ ಮಾತ್ರ ಯಾಕೆ ತಿಳಿಯಬೇಕು? ಓದುಗರು ಮೊದಲು ಕೇಳುವುದೇ ಇದನ್ನು, ಅಲ್ವಾ? ನೀವು ಕೇಳಿಕೊಂಡಂತೆ ಕಾಣುವುದಿಲ್ಲ.

ಕಾರಣ ನನಗೆ ಕಂಡಿತು. ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಿಂದ ನೀವು 11ನೇ ವಚನವನ್ನು ತೆಗೆದುಕೊಂಡಿದ್ದೀರಿ, 13ನೆಯದನ್ನೂ ತೆಗೆದುಕೊಂಡಿದ್ದೀರಿ. 12 ಇಲ್ಲ. ಅಲ್ಲಿರುವುದು ಕಠಿಣವಾದ ಮಾತು. ಹೊರಗಿನವರಿಗೆ ಎಲ್ಲವೂ ಸಾಮ್ಯಗಳಲ್ಲೇ ಸಿಗುತ್ತದೆ ಎಂದು 11ನೆಯದು ಹೇಳುತ್ತದೆ. ಯಾಕೆ ಎಂಬುದು 12ರಲ್ಲಿದೆ: ಅವರು ನೋಡಿದರೂ ಕಾಣಬಾರದು, ಕೇಳಿದರೂ ತಿಳಿಯಬಾರದು, ತಿರುಗಿಕೊಂಡು ಕ್ಷಮೆ ಪಡೆಯಬಾರದು ಎಂಬ ಮಾತು. ಮತ್ತಾಯನ 13ನೇ ಅಧ್ಯಾಯದಲ್ಲಿ ಇದೇ ಸಂಗತಿ ಬೇರೆ ಥರ ಬರುತ್ತದೆ: ಅವರು ನೋಡಿದರೂ ಕಾಣುವುದಿಲ್ಲ, ಅದಕ್ಕೇ ಸಾಮ್ಯಗಳಲ್ಲಿ ಹೇಳುತ್ತೇನೆ. ಮಾರ್ಕನಲ್ಲಿ ಜನ ಕಾಣದಿರಲಿ ಎಂದೇ ಸಾಮ್ಯ. ಮತ್ತಾಯನಲ್ಲಿ ಜನ ಆಗಲೇ ಕಾಣದೆ ಇದ್ದಾರೆ, ಆದ್ದರಿಂದ ಸಾಮ್ಯ. ಇದು ಸಣ್ಣ ವ್ಯತ್ಯಾಸ ಅಲ್ಲ. ವಿದ್ವಾಂಸರು ಇಂದಿಗೂ ಇದರ ಮೇಲೆ ವಾದ ಮಾಡುತ್ತಿದ್ದಾರೆ. ಎರಡೂ ಕಡೆ ಹಿಂದೆ ಇರುವುದು ಪ್ರವಾದಿ ಯೆಶಾಯನ ಗ್ರಂಥದ 6ನೇ ಅಧ್ಯಾಯ. ಆ ಮಾತನ್ನು ಕೇಳಿಸಿಕೊಂಡ ಯೆಶಾಯನೇ ಸುಮ್ಮನಿರಲಿಲ್ಲ, ‘ಇದು ಎಲ್ಲಿಯ ತನಕ?’ ಎಂದು ದೇವರನ್ನು ಕೇಳಿದ. ಪ್ರವಾದಿಯೇ ಕೇಳಿದ ಮೇಲೆ ನೀವು ಕೇಳಲು ಯಾಕೆ ಹೆದರಬೇಕು?

ಹಾಗೆಂದು 12ನೇ ವಚನದಲ್ಲೇ ನಿಂತುಬಿಡಬೇಡಿ. ಅದೇ ಅಧ್ಯಾಯದಲ್ಲಿ ಇನ್ನು ಸ್ವಲ್ಪ ಮುಂದೆ ದೀಪದ ಮಾತಿದೆ: ದೀಪ ತರುವುದು ಕೊಳಗದ ಕೆಳಗೆ ಇಡಲಿಕ್ಕಲ್ಲ, ಮುಚ್ಚಿಟ್ಟದ್ದೆಲ್ಲ ಹೊರಗೆ ಬರಲಿಕ್ಕೇ ಇದೆ. 33ನೇ ವಚನದಲ್ಲಿ, ಜನರಿಗೆ ಕೇಳುವ ಶಕ್ತಿ ಇದ್ದಷ್ಟು ಹೇಳಿದರು ಎಂದಿದೆ. ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಬರೆಯಿರಿ. ಕಷ್ಟ ಆಗುತ್ತದೆ. ಆ ಕಷ್ಟವೇ ನಿಮ್ಮ ಲೇಖನಕ್ಕೆ ಬೇಕಾಗಿರುವುದು.

ಈಗ ‘ನಂಬಿಕೆ ಇರುವವರಿಗಷ್ಟೇ’ ಎಂಬ ವಾಕ್ಯ. ಸುವಾರ್ತೆಗಳು ಇದಕ್ಕೆ ಒಪ್ಪುವುದಿಲ್ಲ. ಬಿತ್ತುವವನ ಸಾಮ್ಯ ಶಿಷ್ಯರಿಗೇ ಅರ್ಥವಾಗಲಿಲ್ಲ. ‘ಇದೇ ತಿಳಿಯದಿದ್ದರೆ ಉಳಿದವು ಹೇಗೆ ತಿಳಿದಾವು?’ ಎಂದು ಯೇಸು ಅವರನ್ನೇ ಕೇಳುತ್ತಾರೆ. ಮತ್ತಾಯನ 21ನೇ ಅಧ್ಯಾಯ ನೋಡಿ. ದ್ರಾಕ್ಷಿ ತೋಟದ ಗೇಣಿದಾರರು ಯಜಮಾನನ ಮಗನನ್ನೇ ಕೊಂದ ಕಥೆಯನ್ನು ಯೇಸು ಯೆರೂಸಲೇಮಿನ ದೇವಾಲಯದಲ್ಲಿ ಹೇಳುತ್ತಾರೆ. ಇದು ತಮ್ಮನ್ನೇ ಕುರಿತದ್ದು ಎಂದು ಮಹಾಯಾಜಕರಿಗೂ ಫರಿಸಾಯರಿಗೂ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಗಡದವರಿಗೂ) ಚೆನ್ನಾಗಿಯೇ ಗೊತ್ತಾಯಿತು. ಗೊತ್ತಾದ ಮೇಲೆ ಅವರು ಮಾಡಿದ್ದೇನು? ಯೇಸುವನ್ನು ಹಿಡಿಯಲು ದಾರಿ ಹುಡುಕಿದರು. ಕಥೆ ತಲೆಗೆ ಹೋಯಿತು, ಒಳಗೆ ಇಳಿಯಲಿಲ್ಲ.

ಹಾಗಾದರೆ ಒಳಗಿನವರು ಯಾರು? ನನ್ನ ಓದಿನಲ್ಲಿ, ಉತ್ತರ ಮಾರ್ಕ 4:10ರಲ್ಲೇ ಇದೆ. ಗುಂಪು ಚದುರಿದ ಮೇಲೂ ಉಳಿದವರು ಅವರು. ಹನ್ನೆರಡು ಮಂದಿ ಶಿಷ್ಯರು ಮಾತ್ರ ಅಲ್ಲ, ಅವರ ಜೊತೆ ಸುತ್ತ ಇದ್ದವರೂ ಬಂದು ಕೇಳಿದರು ಎಂದಿದೆ. ಇವರು ಜಾಣರು ಎಂದು ಎಲ್ಲೂ ಹೇಳಿಲ್ಲ. ತಿಳಿಯಲಿಲ್ಲ ಎಂದು ಒಪ್ಪಿಕೊಂಡು ಕೇಳಿದರು, ಅಷ್ಟೇ. ಇನ್ನೊಬ್ಬನ ಹೆಂಡತಿಯನ್ನು ಕಿತ್ತುಕೊಂಡ ಅರಸ ದಾವೀದನ ಕಥೆಯನ್ನೂ ಇಲ್ಲಿ ತರಬಹುದು. ಬಡವನ ಒಂದೇ ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಎಂದು ಪ್ರವಾದಿ ನಾತಾನ ಹೇಳಿದಾಗ ಅರಸನಿಗೆ ಕೋಪ ಬಂತು, ತೀರ್ಪೂ ಕೊಟ್ಟ. ‘ನೀನೇ ಆ ಮನುಷ್ಯ’ ಎನ್ನುವವರೆಗೆ ಅದು ತನ್ನದೇ ಕಥೆ ಎಂದು ಅವನಿಗೆ ಹೊಳೆಯಲಿಲ್ಲ. ಆದರೆ ಹೊಳೆದ ಕೂಡಲೇ ಪಾಪ ಮಾಡಿದೆ ಎಂದ. ಮಹಾಯಾಜಕರಿಗೂ ಅವನಿಗೂ ಇರುವ ಈ ದೂರವನ್ನು ಒಂದು ಇಡೀ ಪುಟ ಬರೆಯಿರಿ. ಜಾಸ್ತಿ ಆಯಿತು ಎಂದು ನಾನು ಹೇಳುವುದಿಲ್ಲ.

ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಛತ್ರಕ್ಕೆ ಒಯ್ದು ನೋಡಿಕೊಂಡ ಒಳ್ಳೆಯ ಸಮಾರ್ಯದವನ ಭಾಗವನ್ನು ಮಾತ್ರ ತೆಗೆದುಬಿಡಿ. ಛತ್ರ ಎಂದರೆ ಕ್ರೈಸ್ತ ಸಭೆ, ಛತ್ರದವನು ಎಂದರೆ ಅಪೊಸ್ತಲ ಪೌಲ, ಗಾಯಗೊಂಡವನು ಆದಾಮ ಎಂದು ಬಿಡಿಸುವುದು ಸಂತ ಅಗಸ್ಟೀನರ ಕಾಲದಿಂದ ಬಂದ ರೀತಿ. ಅದಕ್ಕೆ ಅದರದೇ ಗೌರವ ಇದೆ. ಆದರೆ ‘ನನ್ನ ನೆರೆಯವನು ಯಾರು?’ ಎಂದು ಕೇಳಿದ ಧರ್ಮೋಪದೇಶಕನಿಗೆ ಯೇಸು ಕೊಟ್ಟ ಉತ್ತರ ‘ಹೋಗು, ನೀನೂ ಹಾಗೆಯೇ ಮಾಡು’ ಎಂಬುದು. ನಿಮ್ಮ ಪಟ್ಟಿಯಲ್ಲಿ ಅದು ಕಾಣೆಯಾಗಿದೆ.

ಇನ್ನೊಂದು, ಪ್ರತಿ ಸಾಮ್ಯದ ಕೊನೆಗೆ ‘ಇದರ ನೀತಿ’ ಎಂದು ಸೇರಿಸಿದ್ದೀರಿ. ಲೂಕನ 15ನೇ ಅಧ್ಯಾಯದಲ್ಲಿ, ಮನೆ ಬಿಟ್ಟುಹೋಗಿ ಮರಳಿದ ಕಿರಿಯ ಮಗನಿಗಾಗಿ ತಂದೆ ಔತಣ ಮಾಡಿಸಿದಾಗ, ದೊಡ್ಡ ಮಗ ಮನೆಯ ಹೊರಗೇ ನಿಂತಿದ್ದಾನೆ. ಅವನು ಒಳಗೆ ಹೋದನೋ ಇಲ್ಲವೋ ಯೇಸು ಹೇಳಲಿಲ್ಲ. ಎದುರಿಗೆ ಗೊಣಗುತ್ತಿದ್ದ ಫರಿಸಾಯರಿಗೇ ಅದನ್ನು ಬಿಟ್ಟರು. ನೀವು ಅವನನ್ನು ಒಳಗೆ ಕಳಿಸಿ ಊಟಕ್ಕೂ ಕೂರಿಸಿದ್ದೀರಿ. ದಯವಿಟ್ಟು ಹೊಡೆದುಹಾಕಿ.

ಬಿತ್ತನೆಯ ಪ್ಯಾರಾ ಹಾಗೇ ಇರಲಿ. ದಾರಿಬದಿ, ಬಂಡೆ, ಮುಳ್ಳು ಯಾವುದನ್ನೂ ನೋಡದೆ ಎಲ್ಲ ಕಡೆ ಬೀಜ ಎರಚಿದವನ ಧಾರಾಳತನವನ್ನು ನೀವು ಗಮನಿಸಿದ್ದೀರಿ. ಅದು ನಿಮ್ಮದೇ ಕಣ್ಣು. ಲೇಖನವನ್ನು ಅಲ್ಲಿಂದಲೇ ಶುರುಮಾಡಿ, ಮೊದಲ ಎರಡು ಪುಟ ಬೇಡ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ.