ಗೊಂಬೆಮನೆಯ ಅಡುಗೆಕೋಣೆಗೆ ಮರದ ಕಪಾಟು, ಮೇಜು ಮಾಡುವಾಗ ಅವು ಬರಿಯ ಪೆಟ್ಟಿಗೆಯಂತೆ ಕಾಣದಿರಲು ಏನು ಮಾಡಬೇಕು?

ನೀವು ಮೂರು ಸಂಗತಿಗಳನ್ನು ಕೇಳಿದ್ದೀರಿ: ಸಿದ್ಧವಾಗಿ ಸಿಕ್ಕ ಗೊಂಬೆಮನೆಯ ಅಡುಗೆಕೋಣೆಗೆ ಯಾವ ಅಳತೆಯಲ್ಲಿ ಪೀಠೋಪಕರಣ ಮಾಡಬೇಕು, ಯಾವ ಮರ ಒಳ್ಳೆಯದು, ಮತ್ತು ಅಳೆದೇ ಮಾಡಿದ ನಿಮ್ಮ ಕಪಾಟು ಬಾಗಿಲು ಕೂಡದ ಪೆಟ್ಟಿಗೆಯಂತೆ ಏಕೆ ಕಾಣುತ್ತಿದೆ. ಹಲವು ವರ್ಷಗಳಿಂದ ಇದೇ ಹವ್ಯಾಸದಲ್ಲಿರುವ ನನಗೆ ಮೂರನೆಯದೇ ಮುಖ್ಯ ಪ್ರಶ್ನೆ ಎನಿಸುತ್ತದೆ; ಉಳಿದೆರಡಕ್ಕೂ ಉತ್ತರ ಅದರೊಳಗೇ ಇದೆ. ನಿಮ್ಮ ಕಪಾಟಿನ ಎತ್ತರ, ಅಗಲಗಳು ಸರಿಯಾಗಿಯೇ ಇರಬಹುದು. ತಪ್ಪಿರುವುದು ಹಲಗೆಯ ದಪ್ಪದಲ್ಲಿ ಎಂದು ನನ್ನ ಅಂದಾಜು.

ನನ್ನ ಮೊದಲ ಕಪಾಟನ್ನು ಮನೆಯಲ್ಲಿ ಉಳಿದಿದ್ದ 4 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಮಾಡಿದ್ದೆ. ಗೊಂಬೆಮನೆಯ ವಸ್ತುಗಳು ಸಾಮಾನ್ಯವಾಗಿ ನಿಜವಾದವುಗಳ ಹನ್ನೆರಡನೇ ಒಂದು ಭಾಗ; ಆ ಲೆಕ್ಕದಲ್ಲಿ ಅದನ್ನು 12ರಿಂದ ಗುಣಿಸಿದರೆ 48 ಮಿಲಿಮೀಟರ್ ಆಗುತ್ತದೆ, ಅಂದರೆ ನಾನು ಕಟ್ಟಿದ್ದು ಪಾತ್ರೆ ಇಡುವ ಕಪಾಟನ್ನಲ್ಲ, ತಿಜೋರಿಯನ್ನು. ನಿಜವಾದ ಅಡುಗೆಮನೆಯ ಕಪಾಟುಗಳ ಹಲಗೆ ಸಾಮಾನ್ಯವಾಗಿ 18 ಮಿಲಿಮೀಟರ್ ಇರುತ್ತದೆ. ಅದರ ಹನ್ನೆರಡನೇ ಒಂದು ಭಾಗ 1.5 ಮಿಲಿಮೀಟರ್. ನೋಡುವವರ ಕಣ್ಣು ಎತ್ತರದಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಕ್ಷಮಿಸುತ್ತದೆ, ಆದರೆ ಬಾಗಿಲು ತೆರೆದೊಡನೆ ಕಾಣುವ ಹಲಗೆಯ ಅಂಚನ್ನು ಮಾತ್ರ ಕ್ಷಮಿಸುವುದಿಲ್ಲ.

ಅಳತೆಗೆ ಮುನ್ನ ನಿಮ್ಮ ಮನೆ ಯಾವ ಪ್ರಮಾಣದ್ದೆಂದು ಖಚಿತಪಡಿಸಿಕೊಳ್ಳಿ. ಅದರ ಒಳಬಾಗಿಲಿನ ಎತ್ತರ ಅಳೆಯಿರಿ: 17 ಸೆಂಟಿಮೀಟರಿನ ಆಸುಪಾಸಿನಲ್ಲಿದ್ದರೆ ಅದು 1:12, ಅಂದರೆ ಒಂದು ಅಡಿಗೆ ಒಂದು ಅಂಗುಲ, ಎಂಟೂವರೆ ಸೆಂಟಿಮೀಟರ್ ಇದ್ದರೆ 1:24. ಹವ್ಯಾಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:12. ಇಂಗ್ಲೆಂಡಿನ ರಾಣಿ ಮೇರಿಗಾಗಿ ವಾಸ್ತುಶಿಲ್ಪಿ ಎಡ್ವಿನ್ ಲಟಿಯನ್ಸ್ ವಿನ್ಯಾಸಗೊಳಿಸಿದ, 1924ರಲ್ಲಿ ಪೂರ್ಣಗೊಂಡು ಈಗ ವಿಂಡ್ಸರ್ ಅರಮನೆಯಲ್ಲಿರುವ ಗೊಂಬೆಮನೆಯೂ ಇದೇ ಪ್ರಮಾಣದ್ದು. ಅಮೆರಿಕದ ಫ್ರಾನ್ಸಿಸ್ ಗ್ಲೆಸ್ನರ್ ಲೀ 1940ರ ದಶಕದಲ್ಲಿ ಪೊಲೀಸ್ ತನಿಖೆಯ ತರಬೇತಿಗಾಗಿ ಮಾಡಿಸಿದ ಪುಟ್ಟ ಕೋಣೆಗಳೂ 1:12ರವೇ, ಅವುಗಳಲ್ಲಿ ಒಂದು ಅಡುಗೆಮನೆ. ಈ ಎರಡರ ಚಿತ್ರಗಳೂ ಸುಲಭವಾಗಿ ಸಿಗುತ್ತವೆ. ನೋಡುವಾಗ ಅಲಂಕಾರವನ್ನು ಬಿಟ್ಟು ಹಲಗೆಗಳ ಅಂಚುಗಳನ್ನೂ ಬಾಗಿಲುಗಳ ಸಂದುಗಳನ್ನೂ ಗಮನಿಸಿ. ಅಂಥ ಚಿತ್ರಗಳಿಂದ ನಾನು ಕಲಿತಷ್ಟನ್ನು ಯಾವ ಸಿದ್ಧ ನಕ್ಷೆಯಿಂದಲೂ ಕಲಿತಿಲ್ಲ.

ಮುಂದಿನ ಅಳತೆಗಳೆಲ್ಲ 1:12ಕ್ಕೆ ಸಂಬಂಧಿಸಿದವು. ಅಡುಗೆ ಕಟ್ಟೆ ನೆಲದಿಂದ 76 ಮಿಲಿಮೀಟರ್ ಎತ್ತರ, ಸುಮಾರು 50 ಮಿಲಿಮೀಟರ್ ಆಳ ಇರಲಿ. ಗೋಡೆಯ ಮೇಲಿನ ಕಪಾಟು 25 ಮಿಲಿಮೀಟರ್ ಆಳವಿದ್ದರೆ ಸಾಕು, ಮತ್ತು ಕಟ್ಟೆಗೂ ಅದಕ್ಕೂ ನಡುವೆ 38 ಮಿಲಿಮೀಟರ್ ಬಿಡಿ. ಊಟದ ಮೇಜು 63 ಮಿಲಿಮೀಟರ್, ಕುರ್ಚಿಯ ಆಸನ 38 ಮಿಲಿಮೀಟರ್ ಎತ್ತರ. ಒಂದು ಮಾತು ಮಾತ್ರ ನೆನಪಿಡಿ: ಗೊಂಬೆಮನೆಯ ಕೋಣೆಗಳು ನಿಜವಾದ ಕೋಣೆಗಳಿಗಿಂತ ಆಳದಲ್ಲಿ ಕಿರಿದಾಗಿರುವುದೇ ಹೆಚ್ಚು, ಹಾಗಾಗಿ ಕರಾರುವಾಕ್ಕಾಗಿ ಮಾಡಿದ ಕಟ್ಟೆ ಇಡೀ ಕೋಣೆಯನ್ನೇ ನುಂಗಿದಂತೆ ಕಾಣಬಹುದು. ಅಂಥ ಕಡೆ ಕಟ್ಟೆಯ ಆಳವನ್ನು 45 ಮಿಲಿಮೀಟರಿಗೆ ಇಳಿಸಲು ನಾನು ಹಿಂಜರಿಯುವುದಿಲ್ಲ; ಎತ್ತರವನ್ನು ಮಾತ್ರ ಎಂದೂ ಮುಟ್ಟುವುದಿಲ್ಲ, ಏಕೆಂದರೆ ಪಕ್ಕದಲ್ಲಿ ಗೊಂಬೆಯನ್ನು ನಿಲ್ಲಿಸಿದ ಕೂಡಲೇ ಆ ಮೋಸ ಬಯಲಾಗುತ್ತದೆ. ಮರ ಕತ್ತರಿಸುವ ಮೊದಲು ರಟ್ಟಿನಲ್ಲಿ ಒರಟಾಗಿ ಒಂದು ಮಾದರಿ ಮಾಡಿ ಕೋಣೆಯೊಳಗಿಟ್ಟು ಒಂದು ದಿನ ನೋಡುತ್ತಿರಿ. ಅರ್ಧ ಗಂಟೆಯ ಕೆಲಸ, ಆದರೆ ನನ್ನ ಎಷ್ಟೋ ಹಲಗೆಗಳನ್ನು ಅದು ಉಳಿಸಿದೆ.

ಇನ್ನು ಮರದ ವಿಷಯ. ಬಾಲ್ಸಾ ಎಂಬ ತೀರಾ ಹಗುರ, ಮೆದು ಮರ ಸುಲಭವಾಗಿ ಕತ್ತರಿಸಲು ಬರುತ್ತದೆಂದು ಹೊಸಬರೆಲ್ಲ ಅದನ್ನೇ ಹಿಡಿಯುತ್ತಾರೆ, ನನಗೆ ಮಾತ್ರ ಅದು ಒಗ್ಗಲಿಲ್ಲ: ಉಗುರು ತಾಗಿದರೂ ಕುಳಿ ಬೀಳುತ್ತದೆ, ಅಂಚು ಚೂಪಾಗಿ ನಿಲ್ಲುವುದಿಲ್ಲ, ಬಣ್ಣವನ್ನು ಹೀರಿಕೊಳ್ಳುತ್ತದೆ. ಎಳೆ ನಯವಾಗಿರುವ ಬಾಸ್‌ವುಡ್ ಮರ ಅಥವಾ 1.5 ಮಿಲಿಮೀಟರಿನ ಬರ್ಚ್ ಪ್ಲೈವುಡ್ ಇದಕ್ಕೆ ತಕ್ಕದ್ದು. ಬಣ್ಣ ಬಳಿಯದೆ ಮರದ ಮೈಯನ್ನೇ ತೋರಿಸುವುದಾದರೆ ಎಳೆ ಸಣ್ಣದಾಗಿರುವ ಮರವನ್ನೇ ಆರಿಸಿ. ನಾವು ಅಳತೆಯನ್ನು ಕಿರಿದು ಮಾಡಿದರೂ ಓಕ್‌ನಂಥ ಮರದ ರಂಧ್ರಗಳು ಕಿರಿದಾಗುವುದಿಲ್ಲವಲ್ಲ. ಪುಟ್ಟ ಬಾಗಿಲಿನ ಮೇಲೆ ಅವು ಬೆರಳು ತೂರುವಷ್ಟು ದೊಡ್ಡ ಬಿರುಕುಗಳಂತೆ ತೋರುತ್ತವೆ. ಎಳೆಯ ದಿಕ್ಕು ಬಾಗಿಲುಗಳಲ್ಲಿ ಮೇಲಿಂದ ಕೆಳಕ್ಕೆ, ಕಟ್ಟೆಯಲ್ಲಿ ಉದ್ದಕ್ಕೆ ಓಡಲಿ.

ಈಗ ಒಂದು ಕಪಾಟನ್ನು ಕೂಡಿಸಿ ನೋಡೋಣ. ಎರಡು ಬಾಗಿಲುಗಳ, 50 ಮಿಲಿಮೀಟರ್ ಅಗಲದ ಕೆಳಗಪಾಟು ಎಂದುಕೊಳ್ಳಿ. ಮೇಲಿನ ಕಟ್ಟೆಗೆ 3 ಮಿಲಿಮೀಟರ್ ಬಿಟ್ಟರೆ ಪಕ್ಕದ ಹಲಗೆಗಳು 73 ಮಿಲಿಮೀಟರ್ ಎತ್ತರ, 48 ಮಿಲಿಮೀಟರ್ ಆಳ. ಎರಡೂ ಹಲಗೆಗಳ ಮುಂದಿನ ಕೆಳಮೂಲೆಯಲ್ಲಿ 8 ಮಿಲಿಮೀಟರ್ ಎತ್ತರ, 6 ಮಿಲಿಮೀಟರ್ ಆಳದ ತುಂಡನ್ನು ಕತ್ತರಿಸಿ ತೆಗೆಯಿರಿ. ನಿಜವಾದ ಅಡುಗೆಮನೆಯಲ್ಲಿ ನಿಂತವರ ಕಾಲ್ಬೆರಳುಗಳಿಗೆಂದು ಬಿಡುವ ಜಾಗವಿದು. ಕಪಾಟು ಪೆಟ್ಟಿಗೆಯಂತೆ ಕಾಣಲು ಎರಡನೆಯ ಕಾರಣ ಈ ಕತ್ತಲ ಪಟ್ಟಿ ಇಲ್ಲದಿರುವುದೇ. ತಳದ ಹಲಗೆ ಮತ್ತು ಮೇಲಿನ ಹಲಗೆ ತಲಾ 47 ಮಿಲಿಮೀಟರ್ ಅಗಲ, 48 ಮಿಲಿಮೀಟರ್ ಆಳ. ತಳದ ಹಲಗೆಯನ್ನು ಆ ಕಚ್ಚಿನ ಎತ್ತರಕ್ಕೆ ಸರಿಯಾಗಿ ಕೂರಿಸಿ, ಕಚ್ಚಿನ ಹಿಂಬದಿಗೆ ಒಂದು ಪಟ್ಟಿ ಅಂಟಿಸಿದರೆ ಒಡಲು ಸಿದ್ಧ. ಮುಂದಿನ ತೆರಪು 47 ಮಿಲಿಮೀಟರ್ ಅಗಲ, 62 ಮಿಲಿಮೀಟರ್ ಎತ್ತರ ಉಳಿಯುತ್ತದೆ.

ಬಾಗಿಲು ಕೂಡದಿರುವುದಕ್ಕೆ ಕಾರಣ ಹೆಚ್ಚಿನ ಸಲ ಇಲ್ಲಿದೆ: ತೆರಪಿನ ಅರ್ಧವೆಂದು 23.5 ಮಿಲಿಮೀಟರಿಗೆ ಬಾಗಿಲು ಕತ್ತರಿಸುತ್ತೇವೆ, ಬಣ್ಣ ಬಳಿದ ಮೇಲೆ ಅದು ಹಿಡಿದುಕೊಳ್ಳುತ್ತದೆ. ನಿಜವಾದ ಬಾಗಿಲುಗಳ ನಡುವಿನ ಸಂದು ಸುಮಾರು 3 ಮಿಲಿಮೀಟರ್. ಪುಟ್ಟದರಲ್ಲಿ ಅದು ಒಂದು ವಿಸಿಟಿಂಗ್ ಕಾರ್ಡಿನಷ್ಟು ದಪ್ಪ. ಆದ್ದರಿಂದ ಬಾಗಿಲು 23 ಮಿಲಿಮೀಟರ್ ಅಗಲ, 61.4 ಮಿಲಿಮೀಟರ್ ಎತ್ತರ ಇರಲಿ, ಮತ್ತು ಕೂರಿಸುವಾಗ ಸುತ್ತಲೂ ಕಾರ್ಡಿನ ಚೂರುಗಳನ್ನು ಸಿಕ್ಕಿಸಿ ನೋಡಿ. 0.4 ಮಿಲಿಮೀಟರನ್ನು ಅಳತೆಪಟ್ಟಿಯಿಂದ ಯಾರೂ ಅಳೆಯಲಾರರು. ಒಂದು ಕೂದಲೆಳೆ ದೊಡ್ಡದಾಗಿ ಕತ್ತರಿಸಿ, ಕಾರ್ಡು ಸಲೀಸಾಗಿ ಹೋಗುವವರೆಗೆ ಸ್ಯಾಂಡ್‌ಪೇಪರಿನ ಮೇಲೆ ಉಜ್ಜುವುದೇ ಬಡಗಿಯ ಲೆಕ್ಕ.

ಅಂಗಡಿಯಲ್ಲಿ ಸಿಗುವ ಪುಟ್ಟ ಹಿತ್ತಾಳೆ ಬಿಜಾಗರಿಗಳನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಅವುಗಳ ಮೊಳೆಗಳು 1.5 ಮಿಲಿಮೀಟರ್ ಹಲಗೆಯನ್ನು ದಾಟಿ ಆಚೆ ಬರುತ್ತವೆ, ಜೊತೆಗೆ ಕೀಲಿನ ಗಾತ್ರವೂ ಕಣ್ಣಿಗೆ ಹೊಡೆಯುತ್ತದೆ. ಬದಲಿಗೆ ಗುಂಡುಪಿನ್ನನ್ನೇ ಕೀಲಾಗಿಸುತ್ತೇನೆ. ಬಾಗಿಲಿನ ಕೀಲಿನ ಬದಿಯ ಅಂಚನ್ನು ಸ್ಯಾಂಡ್‌ಪೇಪರಿನಿಂದ ಅರ್ಧವೃತ್ತಾಕಾರಕ್ಕೆ ಉರುಟು ಮಾಡಿ. ಬಾಗಿಲಿನ ಮೇಲಂಚು ಮತ್ತು ಕೆಳಂಚುಗಳಲ್ಲಿ, ಆ ಬದಿಯಿಂದ ದಪ್ಪದ ಅರ್ಧದಷ್ಟು, ಅಂದರೆ 0.75 ಮಿಲಿಮೀಟರ್ ಒಳಗೆ, ಸೂಜಿಯಿಂದ ಚುಚ್ಚಿ ಗುರುತು ಮಾಡಿ. ಬಾಗಿಲನ್ನು ಎರಡು ಮರದ ತುಂಡುಗಳ ನಡುವೆ ಬಿಗಿಯಾಗಿ ಹಿಡಿದು ಪಿನ್ನಿನಷ್ಟೇ ಸಪುರವಾದ ಬೈರಿಗೆಯನ್ನು ಕೈಯಿಂದಲೇ ತಿರುಗಿಸಿ ತೂತು ಕೊರೆಯಿರಿ. ಹಾಗೆ ಹಿಡಿಯದಿದ್ದರೆ ಪ್ಲೈವುಡ್ಡಿನ ಪದರಗಳು ಬಿಟ್ಟುಕೊಳ್ಳುತ್ತವೆ. ತಳದ ಮತ್ತು ಮೇಲಿನ ಹಲಗೆಗಳಲ್ಲಿ ಅದಕ್ಕೆ ಎದುರಾಗಿ ತುಸು ಸಡಿಲವಾದ ತೂತುಗಳಿರಲಿ. ಪಿನ್ನು ಬಾಗಿಲಿನಲ್ಲಿ ಬಿಗಿಯಾಗಿ, ಹಲಗೆಯಲ್ಲಿ ಸಡಿಲವಾಗಿ ಇರಬೇಕು. ಪಿನ್ನುಗಳನ್ನು ಹೊರಗಿನಿಂದ ತೂರಿಸಿ ತಲೆಗಳನ್ನು ಕತ್ತರಿಸಿ. ಮೇಲಿನ ಪಿನ್ನನ್ನು ಕಟ್ಟೆ ಮುಚ್ಚುತ್ತದೆ, ಕೆಳಗಿನದು ಕಾಲ್ಬೆರಳಿನ ಕಚ್ಚಿನೊಳಗೆ ಮರೆಯಾಗುತ್ತದೆ. ಅಂಚನ್ನು ಉರುಟು ಮಾಡದೆ ಈ ಕೀಲು ಹಾಕಿದರೆ ಬಾಗಿಲು ಕಾಲುಭಾಗ ತೆರೆಯುವಷ್ಟರಲ್ಲೇ ಅದರ ಮೂಲೆ ಪಕ್ಕದ ಹಲಗೆಗೆ ಒತ್ತಿ ನಿಲ್ಲುತ್ತದೆ. ಬಲವಂತವಾಗಿ ತೆರೆಯಲು ಹೋಗಿ ಒಂದು ಸಂಜೆಯಲ್ಲಿ ಮೂರು ಬಾಗಿಲು ಸೀಳಿಕೊಂಡವನು ನಾನು. ಕಟ್ಟೆಯನ್ನು ಅಂಟಿಸುವುದು ಬಾಗಿಲುಗಳು ಸರಾಗವಾಗಿ ತಿರುಗುವುದನ್ನು ಕಂಡ ಮೇಲೆಯೇ, ಅದಕ್ಕೂ ಮುನ್ನ ಬೇಡ.

ಎಲ್ಲ ಬಾಗಿಲುಗಳೂ ತೆರೆಯಲೇಬೇಕೆಂಬ ಹಟ ಅನಗತ್ಯ. ಒಂದು ಕೋಣೆಯಲ್ಲಿ ಎರಡು ಬಾಗಿಲು ತೆರೆದುಕೊಂಡರೆ ನೋಡುವವರು ಮಿಕ್ಕವನ್ನೂ ನಂಬುತ್ತಾರೆ. ಡ್ರಾಯರುಗಳ ಮಟ್ಟಿಗಂತೂ ಮುಖದ ಹಲಗೆಯನ್ನಷ್ಟೇ ಅಂಟಿಸಿ ಸಂದನ್ನು ಸರಿಯಾಗಿ ಬಿಟ್ಟರೆ ಸಾಕು.

ಹಿಡಿಕೆಗೆ ಸ್ಟೇಪ್ಲರ್ ಪಿನ್ನಿಗಿಂತ ಉತ್ತಮವಾದದ್ದನ್ನು ನಾನು ಕಂಡಿಲ್ಲ. ದೊಡ್ಡ ಸ್ಟೇಪ್ಲರಿನ ಪಿನ್ನು ಸುಮಾರು 12 ಮಿಲಿಮೀಟರ್ ಅಗಲ, ತಂತಿ ಅರ್ಧ ಮಿಲಿಮೀಟರಿನಷ್ಟು. ದೊಡ್ಡ ಅಳತೆಗೆ ತಂದರೆ ಅದು 14 ಸೆಂಟಿಮೀಟರಿನ, ತೆಳುವಾದ ಉಕ್ಕಿನ ಹಿಡಿಕೆ. ಕಾಲುಗಳನ್ನು 2 ಮಿಲಿಮೀಟರಿಗೆ ಕತ್ತರಿಸಿ ತೂತಿನಲ್ಲಿ ಕೂರಿಸಿ. ಎಲ್ಲ ಬಾಗಿಲುಗಳಲ್ಲೂ ತೂತುಗಳು ಒಂದೇ ಎತ್ತರದಲ್ಲಿ ಬರಲು ರಟ್ಟಿನ ಅಚ್ಚೊಂದನ್ನು ಮಾಡಿಕೊಳ್ಳಿ, ಏಕೆಂದರೆ ಸಾಲಿನಲ್ಲಿ ಒಂದು ಹಿಡಿಕೆ ಅರ್ಧ ಮಿಲಿಮೀಟರ್ ತಗ್ಗಿದರೂ ಮೊದಲು ಕಾಣುವುದು ಅದೇ. ಗಾಜಿನ ತಲೆಯ ಪಿನ್ನುಗಳನ್ನು ಗುಬುಟುಗಳಾಗಿ ಬಳಸುವವರಿದ್ದಾರೆ, ಆದರೆ ಅವು ಕಿತ್ತಳೆ ಹಣ್ಣುಗಳನ್ನು ಬಾಗಿಲಿಗೆ ಅಂಟಿಸಿದಂತೆ ಕಾಣುತ್ತವೆ ಎಂಬುದು ನನ್ನ ತಕರಾರು.

ಸಿಂಕನ್ನು ತೆಳ್ಳಗಿನ ಪ್ಲಾಸ್ಟಿಕ್ ಹಾಳೆಯಿಂದ 42 ಮಿಲಿಮೀಟರ್ ಉದ್ದ, 33 ಮಿಲಿಮೀಟರ್ ಅಗಲ, 16 ಮಿಲಿಮೀಟರ್ ಆಳದ ತೊಟ್ಟಿಯಾಗಿ ಕಟ್ಟಿ, ಒಳಮೂಲೆಗಳನ್ನು ಪುಟ್ಟಿಯಿಂದ ತುಂಬಿ, ಮಾಸಲು ಬೆಳ್ಳಿಬಣ್ಣ ಬಳಿಯಬಹುದು. ನಲ್ಲಿಗೆ 1.5 ಮಿಲಿಮೀಟರಿನ ಅಲ್ಯೂಮಿನಿಯಂ ತಂತಿಯನ್ನು ಪೆನ್ಸಿಲಿನ ಸುತ್ತ ಬಗ್ಗಿಸಿದರೆ ಕೊಕ್ಕರೆಯ ಕತ್ತಿನಂಥ ಬಾಗು ತಾನಾಗಿ ಬರುತ್ತದೆ. ಮೇಜು ಸುಲಭ, ಕಾಲುಗಳು 5–6 ಮಿಲಿಮೀಟರಿಗಿಂತ ದಪ್ಪವಾಗದಿದ್ದರೆ ಸಾಕು. ಕುರ್ಚಿಗಳನ್ನು ಕೊನೆಗಿಟ್ಟುಕೊಳ್ಳಿ. ನಾಲ್ಕು ಕಾಲುಗಳೂ ಒಟ್ಟಿಗೆ ನೆಲ ಮುಟ್ಟುವ ಕುರ್ಚಿ ಮಾಡಲು ಬೇಕಾದ ಕೈಪಳಗು ಕಪಾಟುಗಳನ್ನು ಮಾಡುವಷ್ಟರಲ್ಲಿ ಬಂದಿರುತ್ತದೆ.

ಅಂಟಿನಲ್ಲಿ ಜಿಪುಣತನವಿರಲಿ. ಮರದ ಕೀಲುಗಳಿಗೆಲ್ಲ ಬಿಳಿಯ ಮರದಂಟನ್ನು ಹಲ್ಲುಕಡ್ಡಿಯ ತುದಿಯಿಂದ ಹಚ್ಚಿ. ಸೂಪರ್‌ಗ್ಲೂ ಲೋಹದ ತುಂಡುಗಳಿಗೆ ಮಾತ್ರ, ಏಕೆಂದರೆ ಒಣಗುವಾಗ ಅದರ ಆವಿಯಿಂದ ಸುತ್ತಲಿನ ಹೊಳಪಿನ ಮೈಯ ಮೇಲೆ ಬಿಳಿಯ ಮಂಜು ಕೂರುತ್ತದೆ. ಮರಕ್ಕೆ ಸ್ಟೇನ್, ಅಂದರೆ ಮರದೊಳಗೆ ಇಳಿದು ಎಳೆ ಕಾಣುವಂತೆಯೇ ಬಿಡುವ ಬಣ್ಣ, ಕೊಡುವುದಿದ್ದರೆ ಅಂಟಿಸುವ ಮೊದಲೇ ಕೊಟ್ಟುಬಿಡಿ. ಅಂಟು ಸೋರಿದ ಜಾಗ ಸ್ಟೇನನ್ನು ಕುಡಿಯುವುದಿಲ್ಲ, ಆ ಬಿಳಿಯ ಮಚ್ಚೆಯನ್ನು ಆಮೇಲೆ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ.

ಬಣ್ಣ ಬಳಿಯುವುದಾದರೆ ಮೊದಲ ಪದರದ ನೀರಿಗೆ ಮರದ ನವಿರುಗಳು ಎದ್ದು ನಿಲ್ಲುತ್ತವೆ. ಅದನ್ನು ನೋಡಿ ಗಾಬರಿಯಾಗದೆ, ಒಣಗಿದ ಮೇಲೆ 400ನೇ ಸಂಖ್ಯೆಯ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ, ಮತ್ತೆರಡು ತೆಳುವಾದ ಪದರಗಳನ್ನು ಕೊಡಿ. ಹೊಳಪಿನ ಬಣ್ಣ ಬೇಡ. ಕೋಣೆ ಪುಟ್ಟದಾದರೂ ಅದರ ಮೇಲೆ ಬೀಳುವ ಬೆಳಕು ನಮ್ಮ ಕೋಣೆಯದೇ. ಆ ದೊಡ್ಡ ಬೆಳಕು ಹೊಳಪಿನ ಮೈಯಲ್ಲಿ ಮಿಂಚಿದೊಡನೆ ಮರ ಪ್ಲಾಸ್ಟಿಕ್ಕಾಗಿಬಿಡುತ್ತದೆ. ಮಂದ ಅಥವಾ ಅರೆಹೊಳಪಿನ ಅಕ್ರಿಲಿಕ್ ಬಣ್ಣ ಸಾಕು. ಹಾಗೆಯೇ ಅಂಚುಗಳನ್ನು ಮೃದುವಾಗಲೆಂದು ಉಜ್ಜುತ್ತಾ ಕೂರಬೇಡಿ. ನಿಜವಾದ ಕಪಾಟಿನ ಅಂಚಿನ ಉರುಟು ಒಂದೆರಡು ಮಿಲಿಮೀಟರ್ ಮಾತ್ರ. 1:12ರಲ್ಲಿ ಅದು ಸ್ಯಾಂಡ್‌ಪೇಪರನ್ನು ಒಮ್ಮೆ ಎಳೆದರೆ ಮುಗಿಯುವ ಕೆಲಸ. ಅದಕ್ಕಿಂತ ಹೆಚ್ಚಾದರೆ ಕಪಾಟು ಸಾಬೂನಿನ ಬಿಲ್ಲೆಯಂತೆ ಕಾಣತೊಡಗುತ್ತದೆ. ಕಟ್ಟೆಗೆ ಕಲ್ಲಿನ ವಿನ್ಯಾಸದ ಕಾಗದ ಅಂಟಿಸುವುದಿದ್ದರೂ ಇದೇ ಎಚ್ಚರ ಬೇಕು: ಅದರ ಚುಕ್ಕೆಗಳು ನೋಡಲು ಧೂಳಿನ ಕಣದಷ್ಟಿರಬೇಕು, ಇಲ್ಲವಾದರೆ ಒಂದೇ ಬಣ್ಣದ ಕಟ್ಟೆಯೇ ಮೇಲು.

ಈ ಮನೆಯಲ್ಲಿ ಆಡುವವರು ಯಾರೆಂದು ನೀವು ಬರೆದಿಲ್ಲ. ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗುವಂತಿದ್ದರೆ ಪಿನ್ನಿನ ಕೀಲು, ಸ್ಟೇಪ್ಲರ್ ಹಿಡಿಕೆ, ತಂತಿಯ ನಲ್ಲಿ ಇವು ಯಾವುವೂ ಬೇಡ. ಬಾಗಿಲುಗಳನ್ನು ಗೀರು ಎಳೆದು ತೋರಿಸಿ, ಹಿಡಿಕೆಗಳನ್ನು ಕುಂಚದಿಂದ ಬರೆದು, ಇಡೀ ಕಟ್ಟೆಯನ್ನು ಬಾಯಿಗೆ ಹಿಡಿಸದಷ್ಟು ದೊಡ್ಡದಾದ ಒಂದೇ ತುಂಡಾಗಿ ಮಾಡಿ. ಅಂಥ ಮನೆಗೆ ಮಾತ್ರ 4 ಮಿಲಿಮೀಟರ್ ಪ್ಲೈವುಡ್ಡು ಧಾರಾಳವಾಗಿ ನಡೆಯುತ್ತದೆ.