ಎಕ್ಸ್‌ಟೆನ್ಷನ್‌ಗೆ ಸರ್ಟಿಫಿಕೇಟ್ ಇಲ್ಲ, ಇನ್ಶೂರೆನ್ಸ್ ಕೊಡ್ತಾರಂತೆ: ಮನೆ ಕೊಳ್ಳಬಹುದೇ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. 1930ರ ದಶಕದ ಒಂದು ಸೆಮಿ-ಡಿಟ್ಯಾಚ್ಡ್ ಮನೆ (ಒಂದು ಬದಿಯ ಗೋಡೆ ಪಕ್ಕದ ಮನೆಗೆ ಅಂಟಿಕೊಂಡಿರುವಂಥದ್ದು) ಇಷ್ಟವಾಯಿತು. ನಮ್ಮ ಆಫರ್ ಒಪ್ಪಿದ್ದಾರೆ. ಈಗಿನ ಮಾಲೀಕರು 2012ರಲ್ಲಿ ಹಿಂಬದಿ ಗೋಡೆ ಒಡೆದು ಅಡುಗೆಮನೆಯನ್ನು ಹಿತ್ತಲಿನತ್ತ ಮೂರು ಮೀಟರ್ ಬೆಳೆಸಿದ್ದಾರೆ. ಅದಕ್ಕೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಸರ್ಟಿಫಿಕೇಟ್ ಇಲ್ಲ ಎಂದು ಈಗ ಗೊತ್ತಾಗಿದೆ. ಏಜೆಂಟ್ ಕೇಳಿದರೆ "ಪ್ಲಾನಿಂಗ್ ಪರ್ಮಿಷನ್ನೇ ಬೇಕಿರಲಿಲ್ಲ, ಚಿಂತೆ ಬೇಡ" ಎನ್ನುತ್ತಾರೆ. ಮಾರುವವರು ಇಂಡೆಮ್ನಿಟಿ ಇನ್ಶೂರೆನ್ಸ್ ಮಾಡಿಸಿಕೊಡುತ್ತಾರಂತೆ. ದಾವಣಗೆರೆಯಿಂದ ನಮ್ಮ ಮಾವನವರು "ನಮ್ಮ ಅಕ್ರಮ-ಸಕ್ರಮದ ಹಾಗೆ ದುಡ್ಡು ಕಟ್ಟಿ ಸರಿಮಾಡಿಸಿಕೊಳ್ಳಿ" ಎನ್ನುತ್ತಿದ್ದಾರೆ. ನಾನೇ ಕೌನ್ಸಿಲ್‌ಗೆ (ಇಲ್ಲಿನ ಸ್ಥಳೀಯ ಆಡಳಿತ) ಫೋನ್ ಮಾಡಿ ಕೇಳಿಬಿಡಲೇ?

ಉತ್ತರ: ಫೋನ್ ಮಾಡಬೇಡಿ. ಸದ್ಯಕ್ಕಂತೂ ಬೇಡ. ಈ ಕೆಲಸದ ಬಗ್ಗೆ ಯಾರಾದರೂ ಕೌನ್ಸಿಲ್ ಜೊತೆ ಮಾತಾಡಿದ್ದಾರೆ ಎಂದು ತಿಳಿದರೆ ಇನ್ಶೂರೆನ್ಸ್ ಕಂಪನಿಗಳು ಸಾಮಾನ್ಯವಾಗಿ ಪಾಲಿಸಿ ಕೊಡುವುದಿಲ್ಲ. ಹೆಸರು ಹೇಳದೆ ಮನೆ ನಂಬರ್ ಮಾತ್ರ ಹೇಳಿ ಕೇಳಿದರೂ ಅಷ್ಟೇ. ಆ ಪಾಲಿಸಿ ನಿಮಗೆ ಬೇಕೋ ಬೇಡವೋ ಆಮೇಲಿನ ಮಾತು. ಒಂದು ದಾರಿಯನ್ನು ಸುಮ್ನೆ ನೀವೇ ಮುಚ್ಚಿಕೊಳ್ಳಬೇಡಿ.

ಏಜೆಂಟ್ ಹೇಳಿದ್ದು ಸುಳ್ಳಲ್ಲ, ಆದರೆ ನೀವು ಕೇಳಿದ್ದಕ್ಕೆ ಅದು ಉತ್ತರವೇ ಅಲ್ಲ. ಸೆಮಿ ಮನೆಯ ಹಿಂದೆ ಮೂರು ಮೀಟರ್‌ವರೆಗಿನ ಒಂದಂತಸ್ತಿನ ಎಕ್ಸ್‌ಟೆನ್ಷನ್‌ಗೆ ಎಷ್ಟೋ ಸಲ ಪ್ಲಾನಿಂಗ್ ಅರ್ಜಿ ಬೇಕಾಗುವುದಿಲ್ಲ. ಪ್ಲಾನಿಂಗ್ ನೋಡುವುದು ಎಲ್ಲಿ ಕಟ್ಟುತ್ತೀರಿ, ಎಷ್ಟು ದೊಡ್ಡದು, ಪಕ್ಕದವರಿಗೆ ತೊಂದರೆಯಾ ಎಂಬುದನ್ನು. ಬಿಲ್ಡಿಂಗ್ ರೆಗ್ಯುಲೇಷನ್ಸ್ ನೋಡುವುದು ಕಟ್ಟಿದ್ದು ಗಟ್ಟಿಯಾಗಿದೆಯಾ ಎಂಬುದನ್ನು: ಪಾಯ, ಬೀಮ್, ಬೆಂಕಿಯಿಂದ ರಕ್ಷಣೆ, ಚರಂಡಿ, ಇನ್ಸುಲೇಷನ್. ಮೊದಲನೆಯದು ಬೇಡವಾದರೂ ಎರಡನೆಯದು ಬೇಕೇ ಬೇಕಿತ್ತು.

ಇನ್ನೊಂದು ಸಾಧ್ಯತೆ ಇದೆ. ಆಗ ಕೌನ್ಸಿಲ್ ಬದಲು ಖಾಸಗಿ ಅಪ್ರೂವ್ಡ್ ಇನ್‌ಸ್ಪೆಕ್ಟರ್ ಕೈಯಲ್ಲೂ ತಪಾಸಣೆ ಮಾಡಿಸಬಹುದಿತ್ತು. ಹಾಗೆ ಮಾಡಿಸಿದ್ದು ಕಾಗದ ಕಳೆದುಹೋಗಿದೆಯಾ ಎಂದು ನಿಮ್ಮ ಸಾಲಿಸಿಟರ್ (ಖರೀದಿಯ ಕಾಗದಪತ್ರ ನೋಡುವ ವಕೀಲರು) ಮೂಲಕ ಮಾರುವವರನ್ನು ಕೇಳಿಸಿ. ಇದಕ್ಕೆ ಖರ್ಚಿಲ್ಲ.

ಈಗ ಇನ್ಶೂರೆನ್ಸ್ ವಿಷಯ. ಅದು ಕಾಪಾಡುವುದು ಕೌನ್ಸಿಲ್‌ನಿಂದ, ಕಟ್ಟಡದಿಂದಲ್ಲ. ನಾಳೆ ಕೌನ್ಸಿಲ್ ನೋಟಿಸ್ ಕೊಟ್ಟು "ಕೆಡವಿ" ಅಥವಾ "ಸರಿಮಾಡಿ" ಅಂದರೆ ಆ ಖರ್ಚು ಕೊಡುತ್ತದೆ. ಬೀಮ್ ಬಾಗಿದರೆ, ಗೋಡೆ ಬಿರುಕು ಬಿಟ್ಟರೆ ನಯಾಪೈಸೆ ಬರುವುದಿಲ್ಲ. ಹಾಗಾದರೆ ನೋಟಿಸ್ ಬರುವ ಸಂಭವ ಎಷ್ಟು? ತಪ್ಪು ಕಟ್ಟಡವನ್ನು ಸರಿಪಡಿಸಲು ನೋಟಿಸ್ ಕೊಡುವ ಅವಧಿ ಮೊದಲು ಕೆಲಸ ಮುಗಿದ ಮೇಲೆ 12 ತಿಂಗಳಿತ್ತು. 2023ರ ಅಕ್ಟೋಬರ್‌ನಿಂದ ಅದನ್ನು 10 ವರ್ಷಕ್ಕೆ ಏರಿಸಿದ್ದಾರೆ. 2012ರ ಕೆಲಸಕ್ಕೆ ಎರಡೂ ಲೆಕ್ಕದಲ್ಲಿ ಗಡುವು ದಾಟಿದೆ. ಕಟ್ಟಡ ಅಪಾಯದಲ್ಲಿದ್ದರೆ ಕೌನ್ಸಿಲ್ ಯಾವಾಗ ಬೇಕಾದರೂ ಕ್ರಮ ತೆಗೆದುಕೊಳ್ಳಬಹುದು, ಕೋರ್ಟಿಗೆ ಹೋಗುವ ದಾರಿಯೂ ಅದಕ್ಕಿದೆ. ಆದರೆ ಸಾಧಾರಣ ಅಡುಗೆಮನೆಯ ಬೆನ್ನು ಹತ್ತಿ ಯಾರೂ ಬರುವುದಿಲ್ಲ. ಅಂದರೆ ನಡೆಯುವ ಸಂಭವ ಕಡಿಮೆ ಇರುವ ಕಷ್ಟಕ್ಕೆ ನಿಮಗೆ ವಿಮೆ ಸಿಗುತ್ತಿದೆ, ನಿಜವಾದ ಕಷ್ಟಕ್ಕೆ ಸಿಗುತ್ತಿಲ್ಲ. ಆದರೂ ಕೊಟ್ಟರೆ ಬೇಡ ಅನ್ನಬೇಡಿ. ಪ್ರೀಮಿಯಂ ಒಂದೇ ಸಲ, ಅದನ್ನು ಮಾರುವವರೇ ಕಟ್ಟಲಿ. ಎಷ್ಟೋ ಬ್ಯಾಂಕುಗಳು ಈ ಕಾಗದ ನೋಡಿ ಸಾಲಕ್ಕೆ ಒಪ್ಪುತ್ತವೆ. ಸರ್ಟಿಫಿಕೇಟ್ ಇಲ್ಲದ ವಿಷಯವನ್ನು ನಿಮ್ಮ ಸಾಲಿಸಿಟರ್ ಬ್ಯಾಂಕಿಗೆ ಹೇಳಲೇಬೇಕು, ಮುಚ್ಚಿಡುವ ಹಾಗಿಲ್ಲ.

ನಿಮ್ಮ ದುಡ್ಡು ಹೋಗಬೇಕಾದದ್ದು ಸ್ಟ್ರಕ್ಚರಲ್ ಎಂಜಿನಿಯರ್‌ಗೆ. ಕೊಳ್ಳುವ ಮೊದಲು ಮನೆ ತಪಾಸಣೆಗೆ ಮಾಡಿಸುವ ಮಾಮೂಲಿ ಲೆವೆಲ್ 2 ಸರ್ವೆ ಇಲ್ಲಿ ಸಾಲದು. ಆ ಸರ್ವೇಯರ್ ಕಣ್ಣಿಗೆ ಕಂಡದ್ದನ್ನು ಬರೆಯುತ್ತಾರೆ, ಪ್ಲಾಸ್ಟರ್ ಕೆರೆದು ನೋಡುವುದಿಲ್ಲ. ನಿಮ್ಮ ಮನೆಯಲ್ಲಿ ನನಗೆ ಚಿಂತೆ ಇರುವುದು ಒಡೆದ ಆ ಹಿಂಬದಿ ಗೋಡೆ. ಮೇಲಿನ ಮಲಗುವ ಕೋಣೆಯ ಗೋಡೆ, ಚಾವಣಿಯ ಒಂದಷ್ಟು ಭಾರ ಎಲ್ಲ ಈಗ ಒಂದು ಸ್ಟೀಲ್ ಬೀಮ್ ಮೇಲೆ ಕೂತಿರಬೇಕು. ಆ ಬೀಮ್ ಎಷ್ಟು ದಪ್ಪ? ಎರಡೂ ತುದಿಗೆ ಅದು ಗಟ್ಟಿ ಕಲ್ಲಿನ ಮೇಲೆ ಕೂತಿದೆಯೋ, ಹಳೇ ಇಟ್ಟಿಗೆ ಮೇಲೋ? ಬೆಂಕಿ ತಗುಲದ ಹಾಗೆ ಅದಕ್ಕೆ ಬೋರ್ಡ್ ಹೊದಿಸಿದ್ದಾರಾ? ಇದನ್ನು ನೋಡಲು ಸೀಲಿಂಗ್‌ನಲ್ಲಿ ಒಂದೆರಡು ಸಣ್ಣ ತೂತು ಮಾಡಬೇಕಾಗುತ್ತದೆ, ಮಾರುವವರ ಒಪ್ಪಿಗೆ ಬೇಕು. ಒಪ್ಪದಿದ್ದರೆ ಅದೂ ನಿಮಗೊಂದು ಸುಳಿವು, ಅಲ್ವಾ? ನೀವು ಇನ್ನೊಮ್ಮೆ ಮನೆ ನೋಡಲು ಹೋದಾಗ ಮಹಡಿಯ ಹಿಂಬದಿ ಕೋಣೆಯ ಬಾಗಿಲು ಹಿಡಿಯುತ್ತದೆಯಾ, ಹಳೇ ಗೋಡೆ ಹೊಸ ಗೋಡೆ ಸೇರುವಲ್ಲಿ ಬಿರುಕಿದೆಯಾ ನೋಡಿ. ನೆಲ ಜೇಡಿಮಣ್ಣಾಗಿದ್ದು ಹತ್ತಿರ ದೊಡ್ಡ ಮರವಿದ್ದರೆ ಪಾಯದ ಆಳವನ್ನೂ ಎಂಜಿನಿಯರ್ ಅನುಮಾನಿಸುತ್ತಾರೆ.

ಹೆಚ್ಚಿನವರು ಮರೆಯುವುದು ನೆಲದಡಿಯ ಚರಂಡಿ. 1930ರ ದಶಕದ ಸಾಲುಮನೆ, ಸೆಮಿ ಮನೆಗಳಲ್ಲಿ ನಾಲ್ಕಾರು ಮನೆಗಳ ಕೊಳೆನೀರು ಒಂದೇ ಪೈಪಿನಲ್ಲಿ ಹಿತ್ತಲಿನ ಅಡಿ ಹಾದುಹೋಗುವುದು ಸಾಮಾನ್ಯ. 2011ರ ಅಕ್ಟೋಬರ್ 1ರಿಂದ ಇಂಥ ಹಂಚಿಕೆಯ ಪೈಪುಗಳು ನೀರಿನ ಕಂಪನಿಗಳ ವಶಕ್ಕೆ ಹೋದವು. ನಿಮ್ಮ ಕಡೆ ಅದು ಥೇಮ್ಸ್ ವಾಟರ್. ಎಕ್ಸ್‌ಟೆನ್ಷನ್ 2012ರದ್ದು, ಹಾಗಾಗಿ ಅಡಿಯಲ್ಲಿ ಅಂಥ ಪೈಪಿದ್ದರೆ ಅದರ ಮೇಲೆ ಕಟ್ಟಲು ಕಂಪನಿಯ ಒಪ್ಪಿಗೆಯೂ (ಬಿಲ್ಡ್-ಓವರ್) ಬೇಕಿತ್ತು. ಸಾಲಿಸಿಟರ್ ತರಿಸುವ ಡ್ರೈನೇಜ್ ಸರ್ಚ್, ಅಂದರೆ ಚರಂಡಿ ಪೈಪುಗಳ ದಾಖಲೆ ನೋಡಿ. ಅನುಮಾನ ಬಂದರೆ ಪೈಪಿನೊಳಗೆ ಕ್ಯಾಮೆರಾ ಬಿಟ್ಟು ನೋಡಿಸಿ.

ಇನ್ನು ಮಾವನವರ ಸಲಹೆ. ಇಲ್ಲೂ ಹಿಂದಿನ ಕೆಲಸವನ್ನು ಸಕ್ರಮ ಮಾಡುವ ದಾರಿ ಇದೆ, ರೆಗ್ಯುಲರೈಸೇಷನ್ ಎನ್ನುತ್ತಾರೆ. 1985ರ ನವೆಂಬರ್ 11ರ ನಂತರ ಶುರುವಾದ ಕೆಲಸಕ್ಕೆ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. ಆದರೆ ದುಡ್ಡು ಕಟ್ಟಿದ ಮಾತ್ರಕ್ಕೆ ಸರ್ಟಿಫಿಕೇಟ್ ಸಿಗುವುದಿಲ್ಲ. ಇನ್‌ಸ್ಪೆಕ್ಟರ್ ಬಂದು ಪಾಯದ ಪಕ್ಕ ಗುಂಡಿ ತೋಡಿ, ಬೀಮ್ ಬಿಚ್ಚಿ ತೋರಿಸಿ ಎನ್ನಬಹುದು. ಕೊರತೆ ಕಂಡರೆ ಸರಿಮಾಡಿಸಬೇಕು. ಅಳೆಯುವುದು 2012ರಲ್ಲಿದ್ದ ನಿಯಮದಿಂದ, ಇವತ್ತಿನದರಿಂದ ಅಲ್ಲ, ಇದು ಒಂದು ಅನುಕೂಲ. ಇದನ್ನು ಮಾರುವವರೇ ತಮ್ಮ ಖರ್ಚಿನಲ್ಲಿ, ಎಕ್ಸ್‌ಚೇಂಜ್‌ಗೆ (ಎರಡೂ ಕಡೆಯವರು ಕಾಂಟ್ರಾಕ್ಟ್ ಬದಲಾಯಿಸಿಕೊಂಡು ಕಟ್ಟುಬೀಳುವ ಹಂತ) ಮೊದಲು ಮಾಡಿಸಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಹೆಚ್ಚಿನವರು ಒಪ್ಪುವುದಿಲ್ಲ. ಒಮ್ಮೆ ಕೌನ್ಸಿಲ್‌ಗೆ ಗೊತ್ತಾದರೆ ಮುಂದಿನ ಗಿರಾಕಿಗೂ ಇನ್ಶೂರೆನ್ಸ್ ತೋರಿಸಲಾಗದು ಎಂಬ ಭಯ ಅವರಿಗೆ.

ಎಂಜಿನಿಯರ್ "ಪರವಾಗಿಲ್ಲ" ಎಂದು ಬರೆದುಕೊಟ್ಟರೆ ಆ ವರದಿ, ಇನ್ಶೂರೆನ್ಸ್ ಎರಡನ್ನೂ ಇಟ್ಟುಕೊಂಡು ನಾನಾದರೆ ಮನೆ ಕೊಳ್ಳುತ್ತೇನೆ. ಮುಂದೆ ನೀವು ಮಾರುವಾಗಲೂ ಇದೇ ಪ್ರಶ್ನೆ ಏಳುತ್ತದೆ, ಆಗ ಆ ವರದಿ ಕೆಲಸಕ್ಕೆ ಬರುತ್ತದೆ. ಬೀಮ್ ಬದಲಿಸಬೇಕು ಎಂದರೆ ಬಿಲ್ಡರ್ ಒಬ್ಬರಿಂದ ಲೆಕ್ಕ ಬರೆಸಿ, ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಗೋಡೆಗೆ ಬಣ್ಣ ಹೊಡೆಸುವುದು, ಅಡುಗೆಮನೆಯಲ್ಲಿ ಕೆಲವು ವಾರ ಧೂಳು, ಇವನ್ನೂ ಲೆಕ್ಕಕ್ಕೆ ಸೇರಿಸಿ. ಕಾಂಟ್ರಾಕ್ಟ್ ಎಕ್ಸ್‌ಚೇಂಜ್ ಆಗುವವರೆಗೆ ಇಂಗ್ಲೆಂಡಿನಲ್ಲಿ ಯಾರೂ ಕಟ್ಟುಬಿದ್ದಿಲ್ಲ, ನೀವು ಹಿಂದೆ ಸರಿಯಬಹುದು. ಎಕ್ಸ್‌ಚೇಂಜ್ ದಿನ ಸಾಮಾನ್ಯವಾಗಿ ಶೇ 10ರಷ್ಟು ಡಿಪಾಸಿಟ್ ಕೊಡಬೇಕು, ಆಮೇಲೆ ಬೇಡ ಎಂದರೆ ಅದು ಹೋಯಿತು. ಏಜೆಂಟ್ ಎಷ್ಟೇ ಅವಸರ ಮಾಡಲಿ, ಎಂಜಿನಿಯರ್ ವರದಿ ಕೈಗೆ ಬರುವವರೆಗೆ ತಾರೀಖು ಗೊತ್ತುಮಾಡಬೇಡಿ ಎಂದು ಸಾಲಿಸಿಟರ್‌ಗೆ ಇವತ್ತೇ ಇಮೇಲ್ ಹಾಕಿ.