ಕುಂಡವೋ, ನೆಲವೋ? ನಮ್ಮ ಬಿಸಿಲಿಗೆ, ನಮ್ಮ ಮಣ್ಣಿಗೆ ತಕ್ಕ ಉತ್ತರ

ಪ್ರಶ್ನೆ: ಕಲಬುರಗಿಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಮುಂದೆ ಹತ್ತು ಅಡಿ ಅಗಲದ ಎರೆಮಣ್ಣಿನ ಅಂಗಳವಿದೆ, ಮೇಲೆ ಮಾಳಿಗೆ ಇದೆ. ಅಂಗಳದ ಕರಿಮಣ್ಣನ್ನೇ ಕುಂಡಗಳಿಗೆ ತುಂಬಿ ಟೊಮೆಟೊ, ಮೆಣಸಿನಕಾಯಿ, ಬದನೆ ಹಚ್ಚಿದ್ದೆ. ದಿನಾ ನೀರು ಹಾಕಿದರೂ ಏಪ್ರಿಲ್‌ನಲ್ಲಿ ಎಲ್ಲಾ ಬಾಡಿ ಹೋದವು. ಅಂಗಳದಲ್ಲಿ ಹಚ್ಚಿದ ನಿಂಬೆ ಬೇಸಿಗೆಯನ್ನೇನೋ ದಾಟಿತು, ಆದರೆ ಸೆಪ್ಟೆಂಬರ್ ಮಳೆ ಹಿಡಿದ ಮೇಲೆ ಹಳದಿಯಾಗಿ ಎಲೆ ಉದುರಿಸುತ್ತಿದೆ. ಸರ್, ಇನ್ನು ಮುಂದೆ ಎಲ್ಲಾ ಕುಂಡದಲ್ಲಿ ಬೆಳೆಯಲೋ, ಎಲ್ಲಾ ನೆಲಕ್ಕೆ ಹಚ್ಚಲೋ?
– ಗೃಹಿಣಿ, ಕಲಬುರಗಿ

ಉತ್ತರ: ನಿಮ್ಮ ಪ್ರಶ್ನೆಯೊಳಗೇ ಅರ್ಧ ಉತ್ತರವಿದೆ ತಾಯಿ. ನಮ್ಮ ಭಾಗದಲ್ಲಿ ಕುಂಡದ ಗಿಡವನ್ನು ಕೊಲ್ಲುವುದು ಏಪ್ರಿಲ್, ಮೇ ತಿಂಗಳ ಕಾವು. ಎರೆನೆಲದ ಗಿಡವನ್ನು ಕೊಲ್ಲುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬೇರಿನ ಸುತ್ತ ನಿಲ್ಲುವ ನೀರು. ಹಾಗಾಗಿ ಎಲ್ಲಾ ಇಲ್ಲೇ, ಎಲ್ಲಾ ಅಲ್ಲೇ ಎಂದು ಹಟ ಹಿಡಿಯಬೇಡಿ. ನಾಲ್ಕೈದು ತಿಂಗಳಲ್ಲಿ ಬೆಳೆದು ಮುಗಿಯುವ ಗಿಡಕ್ಕೆ ಕುಂಡ, ವರ್ಷಗಟ್ಟಲೆ ಬಾಳುವ ಗಿಡಕ್ಕೆ ನೆಲ. ನಾನು ಹೇಳುವುದು ಇದನ್ನೇ.

ಮೊದಲು ಕುಂಡದ ಮಾತು. ದಿನಾ ನೀರು ಹಾಕಿದರೂ ಗಿಡ ಏಕೆ ಬಾಡಿತು? ಎರೆಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೊಲದಲ್ಲಿ ಬಿರುಕು ಬಿಡುವ ಆ ಮಣ್ಣೇ ಕುಂಡದಲ್ಲಿ ಗೋಡೆಯಿಂದ ಬಿಟ್ಟುಕೊಂಡು ಸುತ್ತಲೂ ಬೆರಳು ತೂರುವಷ್ಟು ಸಂದು ಮಾಡುತ್ತದೆ. ನೀವು ಹಾಕಿದ ನೀರು ಆ ಸಂದಿನೊಳಗೆ ಇಳಿದು ನೇರ ತಳದ ತೂತಿನಿಂದ ಹೊರಗೆ ಬಂದುಬಿಡುತ್ತದೆ. ತಟ್ಟೆಯಲ್ಲಿ ನೀರು ಕಂಡಾಗ ಕುಂಡ ತುಂಬ ನೆನೆಯಿತು ಅಂದುಕೊಳ್ಳುತ್ತೇವೆ, ಒಳಗಿನ ಬೇರಿನ ಗಡ್ಡೆಗೆ ಹನಿಯೂ ಮುಟ್ಟಿರುವುದಿಲ್ಲ. ಅನುಮಾನವಿದ್ದರೆ ಒಂದು ಕುಂಡವನ್ನು ಬುಡಮೇಲು ಮಾಡಿ ಗಡ್ಡೆಯನ್ನು ಒಡೆದು ನೋಡಿ: ಹೊರಗೆ ಹಸಿ, ನಡುವೆ ಬೂದಿ ಬಣ್ಣದ ಒಣ ಮಣ್ಣು. ಹೀಗೆ ಒಣಗಿದ ಕುಂಡಕ್ಕೆ ಮೇಲಿನಿಂದ ಎಷ್ಟು ಸುರಿದರೂ ವ್ಯರ್ಥ. ಬಕೆಟ್ಟಿನಲ್ಲಿ ಅರ್ಧ ನೀರು ತುಂಬಿ ಕುಂಡವನ್ನೇ ಅದರೊಳಗೆ ಅರ್ಧ ತಾಸು ಇಡಿ, ತಳದಿಂದ ಹೀರಿಕೊಳ್ಳುತ್ತದೆ.

ಆದ್ದರಿಂದ ಕುಂಡದಲ್ಲಿ ಎರೆಮಣ್ಣು ಕಾಲು ಭಾಗ ದಾಟಬಾರದು. ಉಳಿದದ್ದು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಮರಳು ಅಥವಾ ಮಸಾರಿ (ಕೆಂಪು) ಮಣ್ಣು ಇರಲಿ. ತಳದಲ್ಲಿ ಕಲ್ಲು, ಹೆಂಚಿನ ಚೂರು ಹರಡಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಹಳ ಮಂದಿಗಿದೆ. ಅದು ತಪ್ಪು. ನುಣುಪು ಮಣ್ಣಿನಿಂದ ನೀರು ಕಲ್ಲಿನ ಪದರಕ್ಕೆ ಸುಲಭವಾಗಿ ಇಳಿಯುವುದಿಲ್ಲ, ಅದರ ಮೇಲೇ ನಿಲ್ಲುತ್ತದೆ. ಬೇರಿಗೆ ಸಿಗಬೇಕಾದ ಮೂರು ಇಂಚು ಜಾಗ ಕಲ್ಲಿನ ಪಾಲಾಗುತ್ತದೆ ಅಷ್ಟೇ. ತೂತಿನ ಮೇಲೆ ಒಂದು ಚೂರು ಸೊಳ್ಳೆ ಪರದೆಯ ಬಟ್ಟೆ ಇಟ್ಟರೆ ಸಾಕು.

ಎರಡನೆಯದು ಕಾವು. ಬೇಸಿಗೆಯಲ್ಲಿ ನಮ್ಮಲ್ಲಿ ಗಾಳಿಯೇ 42, 43 ಡಿಗ್ರಿಗೆ ಏರುತ್ತದೆ. ಪಡುವಣ ಬಿಸಿಲು ಬಡಿಯುವ ಕರಿ ಪ್ಲಾಸ್ಟಿಕ್ ಕುಂಡದಲ್ಲಿ ಗೋಡೆಗೆ ಅಂಟಿದ ಮಣ್ಣು ಅದಕ್ಕಿಂತ ಹೆಚ್ಚು ಕಾಯುತ್ತದೆ. ಗಿಡದ ಎಳೆಬೇರು ಹೆಚ್ಚಾಗಿ ಇರುವುದೂ ಆ ಗೋಡೆಯ ಬದಿಗೇ. ನೆಲದಲ್ಲಾದರೆ ಒಂದು ಅಡಿ ಆಳದಲ್ಲಿ ಹಗಲಿನ ಕಾವು ಹೆಚ್ಚೂಕಡಿಮೆ ಮುಟ್ಟುವುದೇ ಇಲ್ಲ. ನಿಮ್ಮ ನಿಂಬೆ ಬೇಸಿಗೆ ದಾಟಿದ್ದು ಈ ಕಾರಣಕ್ಕೆ. ಕುಂಡದ ಹೊರಮೈಗೆ ಸುಣ್ಣ ಬಳಿಯಿರಿ, ಇಲ್ಲವೇ ಒದ್ದೆ ಗೋಣಿಚೀಲ ಸುತ್ತಿ. ಮಾಳಿಗೆಯ ಪರಸಿಯ ಮೇಲೆ ನೇರ ಇಡದೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಮಾರ್ಚ್‌ನಿಂದ ಅರ್ಧ ನೆರಳು ಕೊಡುವ ಹಸಿರು ನೆಟ್ ಕಟ್ಟಿ. ಮಣ್ಣಿನ ಮೇಲೆ ಎರಡು ಇಂಚು ತೊಗರಿ ಹೊಟ್ಟು ಹರಡಿ. ತೊಗರಿಯ ನಾಡಿನಲ್ಲಿ ಇದ್ದುಕೊಂಡು ಹೊದಿಕೆಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ.

ಇಷ್ಟೆಲ್ಲ ಮಾಡಿದರೂ ಏಪ್ರಿಲ್‌ನಲ್ಲಿ ಟೊಮೆಟೊ ಕಾಯಿ ಕಟ್ಟುವುದು ಕಷ್ಟ. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಇದ್ದರೆ ಹೂವು ಉದುರುತ್ತದೆ, ಕುಂಡವಾದರೂ ಅಷ್ಟೇ, ನೆಲವಾದರೂ ಅಷ್ಟೇ. ಆಗಸ್ಟ್ ಕೊನೆಗೆ ಸಸಿ ಮಡಿ ಮಾಡಿ, ಸೆಪ್ಟೆಂಬರ್ ಕೊನೆಗೆ ಕುಂಡಕ್ಕೆ ಹಚ್ಚಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಯಿ ತಿನ್ನಿ, ಬಿಸಿಲು ಬಲಿಯುವ ಹೊತ್ತಿಗೆ ಗಿಡ ಕಿತ್ತು ಕುಂಡ ಖಾಲಿ ಮಾಡಿ. ಬೇಸಿಗೆಯಲ್ಲಿ ಟೊಮೆಟೊ ಗಿಡ ಉಳಿಸಿಕೊಳ್ಳಲು ಸುರಿಯುವ ನೀರು, ನೆಲದ ನಿಂಬೆಗೋ ಕರಿಬೇವಿಗೋ ಹೋದರೆ ನನಗೆ ಸಮಾಧಾನ.

ಕುಂಡದ ಗಾತ್ರದಲ್ಲಿ ಜಿಪುಣತನ ಬೇಡ. ಮೆಣಸಿನ ಗಿಡಕ್ಕೆ 12ರಿಂದ 15 ಲೀಟರ್, ಟೊಮೆಟೊ, ಬದನೆಗೆ ಕನಿಷ್ಠ 20 ಲೀಟರ್ ಮಣ್ಣು ಹಿಡಿಯುವಂಥದ್ದು ಬೇಕು. ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಗ್ರೋಬ್ಯಾಗ್ ಹೆಚ್ಚೂಕಡಿಮೆ ಅಷ್ಟು ಹಿಡಿಯುತ್ತದೆ. ಸಣ್ಣ ಕುಂಡ ಒಂದು ದಿನ ಒಣಗುತ್ತದೆ, ಮರುದಿನ ತೋಯುತ್ತದೆ. ಈ ಏರುಪೇರಿನಿಂದಲೇ ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು. ಮಣ್ಣಿನಲ್ಲಿ ಸುಣ್ಣದ ಅಂಶ ಎಷ್ಟಿದ್ದರೂ ನೀರಿನ ಜೊತೆಗೆ ಹರಿದು ಬಂದರೆ ಮಾತ್ರ ಅದು ಕಾಯಿಗೆ ತಲುಪುತ್ತದೆ. ಇನ್ನೊಂದು ಮಾತು: ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಕುಂಡಕ್ಕೆ ಹಾಕಬೇಡಿ. ಬೋರಿನ ನೀರಿನ ಉಪ್ಪೆಲ್ಲ ಅದರಲ್ಲಿ ಗಟ್ಟಿಯಾಗಿರುತ್ತದೆ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ ಅದು ಉಪ್ಪೇ. ಮೊದಲ ಮಳೆಗೆ ಕುಂಡಗಳನ್ನು ಬಯಲಿಗೆ ಇಟ್ಟು ಚೆನ್ನಾಗಿ ತೊಳೆದು ಹೋಗಲು ಬಿಡಿ.

ಈಗ ನಿಂಬೆ. ನೀವು ಗುಂಡಿ ತೋಡಿ, ಮಣ್ಣನ್ನು ಹೊರಗೆ ಹಾಕಿ, ಮರಳು, ಗೊಬ್ಬರ ತುಂಬಿ ಹಚ್ಚಿರಬೇಕು. ಎಲ್ಲರೂ ಮಾಡುವುದು ಹಾಗೆಯೇ. ಆದರೆ ಎರೆನೆಲದಲ್ಲಿ ಅದು ತೂತಿಲ್ಲದ ಹರವಿಯನ್ನು ಹೂಳಿದ ಹಾಗೆ. ಸುತ್ತಲಿನ ಜಿಗುಟು ಮಣ್ಣು ನೀರನ್ನು ಬಿಡುವುದಿಲ್ಲ, ಮಳೆ ನೀರೆಲ್ಲ ಸಡಿಲವಾದ ಗುಂಡಿಗೆ ಬಂದು ತುಂಬಿಕೊಳ್ಳುತ್ತದೆ, ಬೇರಿಗೆ ಉಸಿರಿಲ್ಲ. ಪರೀಕ್ಷೆ ಸುಲಭ: ಒಂದು ಅಡಿ ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಿ, ಮತ್ತೊಮ್ಮೆ ತುಂಬಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಗುಂಡಿ ಮಾಡಿ ಹಚ್ಚುವುದು ಬೇಡ.

ಬದಲಿಗೆ ಅದೇ ಎರೆಮಣ್ಣಿಗೆ ಗೊಬ್ಬರ ಬೆರೆಸಿ ಒಂದೂವರೆ ಅಡಿ ಎತ್ತರದ, ನಾಲ್ಕು ಅಡಿ ಅಗಲದ ದಿಬ್ಬ ಮಾಡಿ, ಅದರ ನೆತ್ತಿಯಲ್ಲಿ ಗಿಡ ಕೂರಿಸಿ. ಕಸಿ ಕಟ್ಟಿದ ಗಂಟು ಮಣ್ಣಿನಿಂದ ಅರ್ಧ ಅಡಿ ಮೇಲಿರಲಿ, ಇಲ್ಲದಿದ್ದರೆ ಬುಡದ ತೊಗಟೆ ಕೊಳೆತು ಅಂಟು ಸುರಿಸುವ ರೋಗ ಬರುತ್ತದೆ. ಈಗಿರುವ ಗಿಡ ಚಿಕ್ಕದಾಗಿದ್ದರೆ ಮಳೆ ಮುಗಿದ ಮೇಲೆ ಗಡ್ಡೆ ಸಮೇತ ಎತ್ತಿ ದಿಬ್ಬಕ್ಕೆ ಹಾಕಬಹುದು. ದೊಡ್ಡದಾಗಿದ್ದರೆ ಬುಡದಿಂದ ಎರಡು ಅಡಿ ದೂರದಲ್ಲಿ ಕಾಲುವೆ ತೋಡಿ ನೀರನ್ನು ತಗ್ಗಿನ ಕಡೆ ಬಿಡಿ.

ಹಳದಿ ಬಣ್ಣವನ್ನು ಒಮ್ಮೆ ಹತ್ತಿರದಿಂದ ನೋಡಿ. ಹಳೆ ಎಲೆ ಪೂರ್ತಿ ಹಳದಿಯಾಗಿ ಉದುರಿದರೆ ನೀರು ನಿಂತಿದ್ದು ಕಾರಣ. ಎಳೆ ಎಲೆಯೇ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣದ ಕೊರತೆ. ಕ್ಷಾರ ಹೆಚ್ಚಿರುವ, ಸುಣ್ಣದ ಹರಳು ಇರುವ ನಮ್ಮ ಎರೆಯಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟ್) ಮಣ್ಣಿಗೆ ಹಾಕಿದರೆ ಅದೂ ಗಟ್ಟಿಯಾಗಿ ನಿಲ್ಲುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಹೊಸ ಬಡಾವಣೆಯಾದ್ದರಿಂದ ಅಂಗಳದಲ್ಲಿ ಸಿಮೆಂಟು, ಸುಣ್ಣದ ಅವಶೇಷ ಹೂತಿದೆಯೇ ನೋಡಿ ತೆಗೆಸಿ. ಅದೂ ಕ್ಷಾರ ಹೆಚ್ಚಿಸುತ್ತದೆ. ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ: ಬೀದರ್‌ನಲ್ಲಿ ನಮ್ಮದು ಕೆಂಪು ಜಂಬಿಟ್ಟಿಗೆ ನೆಲ. ಒಂದೂವರೆ ಅಡಿಗೆ ಕಲ್ಲು ಸಿಗುತ್ತದೆ. ಪೇರಲ, ಸೀತಾಫಲವನ್ನು ಡ್ರಮ್ಮಿನಲ್ಲಿ ಬೆಳೆಸುವುದು ಒಳ್ಳೆಯದೇ?
– ನಿವೃತ್ತ ಶಿಕ್ಷಕರು, ಬೀದರ್

ಉತ್ತರ: ನೆಲಕ್ಕೇ ಹಚ್ಚಿ ಗುರುಗಳೇ. ಎರೆನೆಲದವರ ಕಷ್ಟ ನಿಮಗಿಲ್ಲ, ನೀರು ತಾನಾಗಿ ಬಸಿಯುತ್ತದೆ. ಅಲ್ಲಿ ಕೊರತೆ ಎಂದರೆ ಆಳ ಮತ್ತು ಸತ್ವ. ಮೂರು ಅಡಿ ಉದ್ದ, ಅಗಲ, ಆಳಕ್ಕೆ ಹಾರೆಯಿಂದ ಕಲ್ಲು ಒಡೆಸಿ. ತಳವೂ ಬಿರಿಯುವ ಹಾಗೆ ಒಡೆಸಿ, ಬೇರು ಆ ಸಂದುಗಳಲ್ಲಿ ದಾರಿ ಮಾಡಿಕೊಳ್ಳುತ್ತದೆ. ಮೇಲ್ಮಣ್ಣಿಗೆ ಮೂರನೇ ಒಂದು ಭಾಗ ತಿಪ್ಪೆಗೊಬ್ಬರ ಬೆರೆಸಿ ತುಂಬಿ. ಸ್ವಲ್ಪ ಎರೆಮಣ್ಣು ಸಿಕ್ಕರೆ ಬೆರೆಸಿ, ತೇವ ಹಿಡಿಯುತ್ತದೆ. ಸೀತಾಫಲಕ್ಕೆ ಇಂಥ ಕಲ್ಲುನೆಲ ಒಗ್ಗುತ್ತದೆ. ಡ್ರಮ್ಮಿನಲ್ಲೇ ಬೇಕೆಂದರೆ ಪೇರಲ ಹಾಕಿ, ಪ್ರತಿ ವರ್ಷ ಸವರಿದರೆ ಹೊಸ ಚಿಗುರಿನಲ್ಲಿ ಕಾಯಿ ಬಿಡುತ್ತದೆ.

ಪ್ರಶ್ನೆ: ಯಾದಗಿರಿಯಲ್ಲಿ ನಮ್ಮದು ಹಾಸುಗಲ್ಲು ಹೊದಿಸಿದ ಹಳೆ ಮಾಳಿಗೆ. ಅದರ ಮೇಲೆ ಎಷ್ಟು ಕುಂಡ ಇಡಬಹುದು?
– ವಿದ್ಯಾರ್ಥಿ, ಯಾದಗಿರಿ

ಉತ್ತರ: ಒಂದೂ ಬೇಡ. 20 ಲೀಟರಿನ ಒಂದು ಗ್ರೋಬ್ಯಾಗ್ ನೀರು ಕುಡಿದ ಮೇಲೆ 25 ಕಿಲೋ ತೂಗುತ್ತದೆ. ಆಳು ಓಡಾಡಲು ಕಟ್ಟಿದ ಆರ್‌ಸಿಸಿ ಮಾಳಿಗೆಯನ್ನೇ ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಲೆಕ್ಕ ಹಿಡಿದು ಕಟ್ಟುತ್ತಾರೆ. ಅಲ್ಲೂ ಭಾರದ ಕುಂಡ ತೊಲೆ, ಗೋಡೆಯ ಮೇಲೆ ಬರಬೇಕೇ ಹೊರತು ನಡುವೆ ಅಲ್ಲ. ಹಾಸುಗಲ್ಲಿನ ಹಳೆ ಮಾಳಿಗೆಗೆ ಅಂಥ ಲೆಕ್ಕವೇ ಇರುವುದಿಲ್ಲ, ಕೆಳಗಿನ ಮರದ ತೊಲೆಗೆ ಗೆದ್ದಲು ಹತ್ತಿದ್ದರೆ ಮೇಲಿನಿಂದ ಗೊತ್ತೂ ಆಗುವುದಿಲ್ಲ. ದಿನಾ ಸೋರುವ ಕುಂಡದ ನೀರು ಅದನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ. ಈಗಾಗಲೇ ಇಟ್ಟಿದ್ದರೆ ಈ ವಾರವೇ ಅಂಗಳಕ್ಕೆ ಇಳಿಸಿ, ಮೂಡಣ ಗೋಡೆಯ ಬದಿಗೆ ಇಡಿ. ಅಲ್ಲಿ ಬೆಳಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ಮೇಲೆ ಮನೆಯದೇ ನೆರಳು ಬೀಳುತ್ತದೆ.